ವಾರಸುದಾರರಿಲ್ಲದ ತಂಡವೊಂದು ನನ್ನ ಹೆಸರಿಗೆ ಆದ ಕಥೆ

2024ರ ಅಕ್ಟೋಬರ್‌ನಲ್ಲಿ ಶುರುವಾದ ಕೆಲಸ 2025ರ ಮಾರ್ಚ್ ಕೊನೆಯ ಹೊತ್ತಿಗೆ ಮುಗಿಯಿತು. ನ್ಯೂಜೆರ್ಸಿಯ ಒಂದು ಹಳೇ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ನಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ತಂಡವೊಂದು ಈಗ ನನ್ನ ಹೆಸರಿನಲ್ಲಿದೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಕೆಲವರು ಆಫೀಸಿನವರ ಜೊತೆ ಸೇರಿ ಇಂಥ ಲೀಗ್‌ಗಳಿಗೆ ಇಳಿಯುತ್ತಿದ್ದಾರೆ. ಹೊಸ ಲೀಗ್ ಆದರೆ ಅಷ್ಟೇನೂ ತಲೆನೋವಿಲ್ಲ. ಮೂವತ್ತು ವರ್ಷ ದಾಟಿದ ಲೀಗ್‌ನಲ್ಲಿ ಯಾರೋ ಬಿಟ್ಟುಹೋದ ತಂಡ ತಗೊಳ್ಳೋದು ಬೇರೆಯೇ ವ್ಯವಹಾರ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಒಂದು ಮ್ಯಾಚ್‌ಗೆ ಹನ್ನೊಂದು ಜನರನ್ನು ಆರಿಸಿ, ಸಂಜೆಗೆ ಮರೆತುಬಿಡುವ ಆಟದ ಥರ ಅಲ್ಲ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ತನ್ನ ಗೆಳೆಯರನ್ನು ಸೇರಿಸಿಕೊಂಡು ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ಆಟ. ಅವರು ಊಟಕ್ಕೆ ಸೇರುತ್ತಿದ್ದ ಫ್ರೆಂಚ್ ಹೋಟೆಲಿನ ಹೆಸರಿನಿಂದಲೇ ಇದಕ್ಕೆ ರೋಟಿಸರಿ ಬೇಸ್‌ಬಾಲ್ ಅಂತ ಹೆಸರು ಬಂತು. ಪ್ರತಿ ಮಾಲೀಕನಿಗೂ ಕಾಗದದ ಮೇಲೆ 260 ಡಾಲರ್. ಅದರಲ್ಲಿ ಹರಾಜು ಕೂಗಿ 23 ನಿಜವಾದ ಆಟಗಾರರನ್ನು ಕೊಳ್ಳಬೇಕು. ಹದಿನಾಲ್ಕು ಬ್ಯಾಟರ್, ಒಂಬತ್ತು ಪಿಚರ್ (ಚೆಂಡು ಎಸೆಯುವವರು). ಅವರು ಆರು ತಿಂಗಳು ಮೈದಾನದಲ್ಲಿ ಹೊಡೆದ ಹೋಮ್ ರನ್, ಕದ್ದ ಬೇಸ್ (ಚೆಂಡು ಹೊಡೆಯುವುದಕ್ಕೆ ಕಾಯದೆ ಓಡಿ ಹಿಡಿದ ಮುಂದಿನ ಬೇಸ್), ಪಡೆದ ಗೆಲುವು ಎಲ್ಲ ಕೂಡಿ ನಮ್ಮ ಅಂಕ.

ನಮ್ಮ ಲೀಗ್ ಶುರುವಾದದ್ದು 1988ರಲ್ಲಿ. ಹನ್ನೆರಡು ತಂಡ. ಅಮೆರಿಕದ ದೊಡ್ಡ ಬೇಸ್‌ಬಾಲ್‌ನಲ್ಲಿ ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್. ನಮ್ಮಲ್ಲಿ ಅಮೆರಿಕನ್ ಲೀಗ್‌ನ ಆಟಗಾರರು ಮಾತ್ರ. ಇಲ್ಲಿ ವರ್ಷ ಮುಗಿದರೂ ಆಟಗಾರರು ಕೈಬಿಟ್ಟು ಹೋಗಲ್ಲ. ಕೊಂಡ ಬೆಲೆಗೇ ಎರಡು ವರ್ಷ ಇಟ್ಟುಕೊಳ್ಳಬಹುದು. ಮೂರನೇ ವರ್ಷದ ಹರಾಜಿಗೆ ಮುಂಚೆ ತೀರ್ಮಾನ ಮಾಡಬೇಕು. ಅದೇ ಬೆಲೆಗೆ ಆ ಒಂದು ವರ್ಷ ಆಡಿಸಿ ಬಿಟ್ಟುಬಿಡಬಹುದು. ಇಲ್ಲವೇ ಮುಂದಕ್ಕೂ ಬೇಕು ಅಂತ ಒಪ್ಪಂದ ಬೆಳೆಸಬಹುದು. ಮೂರನೇ ವರ್ಷದಿಂದ ಮುಂದಕ್ಕೆ ಬೆಳೆಸಿದ ಪ್ರತಿ ವರ್ಷಕ್ಕೂ ಸಂಬಳ 5 ಡಾಲರ್ ಏರುತ್ತದೆ, ಏರಿದ ಸಂಬಳ ಆ ಮೂರನೇ ವರ್ಷದಿಂದಲೇ ಲೆಕ್ಕಕ್ಕೆ. ಈ ನಿಯಮ ನೆನಪಿಟ್ಟುಕೊಳ್ಳಿ. ಮುಂದಿನ ರಗಳೆಯೆಲ್ಲ ಇದರಿಂದಲೇ.

ಆಫೀಸಿನಲ್ಲಿ ನನ್ನ ಪಕ್ಕದ ಸಾಲಿನ ಹಿರಿಯ ಸಹೋದ್ಯೋಗಿ ಈ ಲೀಗ್‌ನ ಒಬ್ಬ ಮಾಲೀಕರು. ಡಾಜರ್ಸ್ ಮತ್ತು ಯಾಂಕೀಸ್ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಫೈನಲ್, ಆಡುತ್ತಿದ್ದ ವಾರ, ನಮ್ಮಲ್ಲಿ ಒಂದು ತಂಡ ಖಾಲಿ ಇದೆ, ತಗೊಳ್ತೀರಾ ಅಂದರು. ಪಟ್ಟಿ ಕೇಳಿದೆ. ಬಾಬಿ ವಿಟ್ ಜೂನಿಯರ್ ಇದ್ದ. ಕೈಲ್ ಟಕರ್ ಇದ್ದ. ವಿಟ್ ಆ ವರ್ಷ .332 ಸರಾಸರಿಯಲ್ಲಿ ಆಡಿ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದಿದ್ದ. 32 ಹೋಮ್ ರನ್, 31 ಕದ್ದ ಬೇಸ್. ಇಂಥವನು ಇರುವ ತಂಡವನ್ನು ಯಾರು ಬಿಟ್ಟುಹೋಗುತ್ತಾರೆ ಅಂತ ಕೇಳಿದ್ದಕ್ಕೆ ಅವರು ನಕ್ಕರು. "ಆಟಗಾರರು ಇರಲಿ. ಈ ತಂಡ ಯಾರದ್ದು ಅಂತ ನಮಗೇ ಸರಿಯಾಗಿ ಗೊತ್ತಿಲ್ಲ. ಅದನ್ನ ಬಿಡಿಸೋರು ಬೇಕು."

ಲೀಗ್ ನೋಡಿಕೊಳ್ಳುವ ಕಮಿಷನರ್‌ಗೆ ಇಮೇಲ್ ಹಾಕಿದೆ. ಅವರು ನಿವೃತ್ತ ಶಾಲಾ ಮೇಷ್ಟ್ರು, ಎಪ್ಪತ್ತು ದಾಟಿದವರು. ಉತ್ತರವೂ ಮೇಷ್ಟ್ರ ಥರವೇ ಬಂತು. ಮೊದಲು ಲೀಗ್‌ನ ನಿಯಮಾವಳಿ ಓದಿ. ಆಮೇಲೆ ಮೂರು ಕಾಗದ ಬೇಕು. ಹಿಂದಿನ ಮಾಲೀಕರು ತಂಡ ಬಿಟ್ಟುಕೊಟ್ಟಿದ್ದೇವೆ ಅಂತ ಬರೆದ ಪತ್ರ. ಬಾಕಿ ಏನೂ ಇಲ್ಲ ಅನ್ನುವ ಲೆಕ್ಕ. ಎಲ್ಲ ಆಟಗಾರರ ಒಪ್ಪಂದದ ಪಟ್ಟಿ, ಅದಕ್ಕೆ ಹಿಂದಿನ ಮಾಲೀಕರ ಒಪ್ಪಿಗೆ. ಇವು ಸಿಕ್ಕ ಮೇಲೆ ಉಳಿದ ಹನ್ನೊಂದು ಮಾಲೀಕರು ಮತ ಹಾಕುತ್ತಾರೆ, ಎಂಟು ಮತ ಬಂದರೆ ತಂಡ ನಿಮ್ಮದು. ಕೇಳೋಕೆ ಸುಲಭ. ಆದರೆ ಮೂರರಲ್ಲಿ ಒಂದು ಕಾಗದವೂ ಯಾರ ಹತ್ತಿರವೂ ಇರಲಿಲ್ಲ.

ಊರಲ್ಲಿ ಸೈಟ್ ತಗೊಳ್ಳುವಾಗ ಏನು ಮಾಡುತ್ತೇವೆ? ಸೈಟ್ ಚೆನ್ನಾಗಿದೆ ಅಂತ ಅಡ್ವಾನ್ಸ್ ಕೊಟ್ಟುಬಿಡಲ್ಲ. ಮೂಲಪತ್ರ ಕೇಳುತ್ತೇವೆ. ಇಸಿ ತೆಗೆಸುತ್ತೇವೆ. ಯಾರಿಂದ ಯಾರಿಗೆ ಬಂತು, ಮಧ್ಯದಲ್ಲಿ ಪಾಲು ಆಗಿದೆಯಾ, ಯಾರಾದರೂ ಸಹಿ ಹಾಕದೆ ಉಳಿದಿದ್ದಾರಾ ಅಂತ ನೋಡುತ್ತೇವೆ. ಇಲ್ಲೂ ಅದೇ ಕೆಲಸ. ವಿಟ್ ನಮ್ಮ ತಂಡದಲ್ಲಿದ್ದಾನಾ ಅನ್ನೋದಕ್ಕೆ ಉತ್ತರ ಸಿಗಬೇಕಾದರೆ, ವಿಟ್‌ನ ಒಪ್ಪಂದಕ್ಕೆ ಸಹಿ ಹಾಕಿದ ದಿನ ಮಾಲೀಕ ಯಾರಾಗಿದ್ದ ಅಂತ ಗೊತ್ತಾಗಬೇಕು.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, "ಅಲ್ವೇ, ಇಲ್ಲದೇ ಇರೋ ತಂಡಕ್ಕೆ ಖಾತೆ ಬೇರೆ ಮಾಡಿಸ್ತೀಯಾ?" ಅಂದರು. ಅವರು ಹಾಸನದಲ್ಲಿ ತಮ್ಮ ಪಾಲಿನ ತೋಟದ ಪೋಡಿಗೆ ಓಡಾಡುತ್ತಿದ್ದ ಕಾಲ ಅದು.

ನವೆಂಬರ್‌ನಲ್ಲಿ ಕಮಿಷನರ್ ಮನೆಗೆ ಹೋದೆ. ಗ್ಯಾರೇಜಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಮೇಲೆ ಮಾರ್ಕರ್‌ನಲ್ಲಿ ಲೀಗ್ ಹೆಸರು, ಪಕ್ಕದಲ್ಲಿ "ಎಸೆಯಬೇಡಿ" ಅಂತ ಎರಡು ಸಲ. ಒಳಗೆ ಅಂಚಿನಲ್ಲಿ ತೂತಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಾಗದದ ಕಂತೆಗಳು. ಅಕ್ಷರ ಅರ್ಧ ಅಳಿಸಿಹೋದ ಫ್ಯಾಕ್ಸ್‌ಗಳು. ಸ್ಪೈರಲ್ ನೋಟ್‌ಬುಕ್ಕುಗಳು. ಶುರುವಿನ ವರ್ಷಗಳಲ್ಲಿ ಪತ್ರಿಕೆಯಲ್ಲಿ ಬರುತ್ತಿದ್ದ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಪಟ್ಟಿ) ನೋಡಿ ಕೈಯಲ್ಲೇ ಕೂಡುತ್ತಿದ್ದರಂತೆ. ಆಮೇಲೆ ಲೆಕ್ಕ ಮಾಡಿ ಅಂಚೆಯಲ್ಲಿ ಕಳಿಸುವ ಒಂದು ಕಂಪನಿಗೆ ದುಡ್ಡು ಕೊಟ್ಟರು. ಅದಾದ ಮೇಲೆ ವೆಬ್‌ಸೈಟ್. ಒಂದು ವೆಬ್‌ಸೈಟ್ ಮುಚ್ಚಿಹೋಗಿ ಇನ್ನೊಂದಕ್ಕೆ ಬಂದಾಗ ನಡುವಿನ ಹಲವು ವರ್ಷಗಳ ದಾಖಲೆ ಮಾಯ. ಆ ಕಾಲದ್ದು ಯಾರೋ ಪ್ರಿಂಟ್ ತೆಗೆದಿದ್ದಷ್ಟೇ ಉಳಿದಿದೆ.

ಆ ಪೆಟ್ಟಿಗೆಯಿಂದ ನಾನು ಎತ್ತಿದ ಮಾಲೀಕರ ಸರಣಿ ಹೀಗಿದೆ. ಮೊದಲ ಮಾಲೀಕರು ಲೀಗ್ ಕಟ್ಟಿದವರಲ್ಲೊಬ್ಬರು. ತಂಡಕ್ಕೆ ತಮ್ಮ ನಾಯಿಯ ಹೆಸರಿಟ್ಟಿದ್ದರು, ಇವತ್ತಿಗೂ ಅದೇ ಹೆಸರು. 1999ರ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ತಂಡವನ್ನು ಹೆಂಡತಿಯ ತಮ್ಮನಿಗೆ ವರ್ಗಾಯಿಸಲಾಗಿದೆ. ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿನಲ್ಲಿ ಆದ ವ್ಯವಹಾರವಂತೆ. ಆ ಭಾವಮೈದ 2008ರಲ್ಲಿ ತನ್ನ ಇಬ್ಬರು ಸಹೋದ್ಯೋಗಿಗಳಿಗೆ ಕೊಟ್ಟ. ಇಬ್ಬರೂ ಅರ್ಧರ್ಧ ಪಾಲುದಾರರು. ಮಿಗೆಲ್ ಕಬ್ರೆರಾ 44 ಹೋಮ್ ರನ್ ಹೊಡೆದ 2013ರಲ್ಲಿ ಕಪ್ ಗೆದ್ದವರು ಇವರೇ. ಆಮೇಲೆ ಒಬ್ಬರು ಅರಿಜೋನಾಗೆ ಹೋದರು. ಇನ್ನೊಬ್ಬರು 2021ರಲ್ಲಿ ಸಾಕಾಯ್ತು ಅಂತ ಲಾಗಿನ್ನನ್ನು ತಮ್ಮ ಅಣ್ಣನ ಮಗನ ಕೈಗೆ ಕೊಟ್ಟರು. ಲೀಗ್‌ಗೆ ಒಂದು ಸಾಲೂ ಬರೆಯಲಿಲ್ಲ. ವೆಬ್‌ಸೈಟ್‌ನಲ್ಲಿ ಕೊನೆಯವರೆಗೂ ಚಿಕ್ಕಪ್ಪನ ಹೆಸರೇ. ಆ ಹುಡುಗ 2024ರ ಜುಲೈ ತನಕ ಆಡಿಸಿ, ಮದುವೆ ಗಲಾಟೆಯಲ್ಲಿ ಬಿಟ್ಟುಬಿಟ್ಟ. ಗಾಯಗೊಂಡ ಆಟಗಾರರೂ ತಂಡದಲ್ಲೇ ಕೂತಿದ್ದರು. ಆಗಸ್ಟ್‌ನಲ್ಲಿ ಲೀಗ್ ಇದನ್ನು ಅನಾಥ ತಂಡ ಅಂತ ಘೋಷಿಸಿತು.

ಇಲ್ಲಿ ನಿಂತು ಒಂದು ಮಾತು. ನೀವು ಹಳೇ ತಂಡ ತಗೊಳ್ಳುವವರಾದರೆ, ಕಮಿಷನರ್ ವೆಬ್‌ಸೈಟ್‌ನಲ್ಲಿ ಹೆಸರು ಬದಲಾಯಿಸುವ ಮುಂಚೆ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರೇಡ್ (ಆಟಗಾರರ ಅದಲುಬದಲು) ಪಟ್ಟಿ, ಹಳೇ ವರ್ಷಗಳ ರ‍್ಯಾಂಕ್, ಮೆಸೇಜ್, ಎಲ್ಲ. ನಾವು ಬಳಸುವ ಸೈಟ್‌ನಲ್ಲಿ ಇತಿಹಾಸ ಅಂಟಿಕೊಂಡಿರೋದು ತಂಡದ ಈಗಿನ ಇಮೇಲ್ ಐಡಿಗೆ. ಹಳೇ ಐಡಿ ತೆಗೆದ ತಕ್ಷಣ ಹಳೇ ಮಾಲೀಕರ ಹೆಸರು ಮರೆಯಾಗಿ, ಅವರ ಕಪ್‌ಗಳು ಹೊಸಬರ ಹೆಸರಿಗೆ ಬರುತ್ತವೆ. ಕಮಿಷನರ್ ಪರೀಕ್ಷೆಗೆ ಅಂತ ಒಂದು ಸಲ ಬದಲಾಯಿಸಿ ನೋಡಿದರು. 2013ರ ಕಪ್ ನನ್ನ ಹೆಸರಿನ ಕೆಳಗೆ ಬಂದು ಕೂತಿತು! ಆ ವರ್ಷ ನಾನಿನ್ನೂ ಬೆಂಗಳೂರಿನಲ್ಲಿದ್ದೆ, ಬೇಸ್‌ಬಾಲ್‌ನ ಗಂಧಗಾಳಿಯೂ ಇರಲಿಲ್ಲ.

ಮೊದಲ ಜಗಳ ಟಕರ್‌ನದ್ದು. ಕೊರೋನಾದ 2020ರಲ್ಲಿ ಬೇಸ್‌ಬಾಲ್ ಸೀಸನ್ 162ರ ಬದಲು 60 ಪಂದ್ಯಕ್ಕೆ ಇಳಿದಿತ್ತು. ಆ ವರ್ಷ ನಮ್ಮ ತಂಡ ಟಕರ್‌ನನ್ನು ಎಳೆಯ ಆಟಗಾರರ ಪಟ್ಟಿಯಿಂದ 10 ಡಾಲರ್ ಸಂಬಳಕ್ಕೆ ಮುಖ್ಯ ತಂಡಕ್ಕೆ ತಂದಿತ್ತು. 2022ರಲ್ಲಿ ಒಪ್ಪಂದ ಬೆಳೆಸಿ 25 ಡಾಲರ್ ಮಾಡಿದ್ದರು, 2025ರ ತನಕ. ಆದರೆ 2020 ಅರ್ಧಂಬರ್ಧ ಸೀಸನ್, ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಎಲ್ಲ ಒಪ್ಪಂದವೂ ಒಂದು ವರ್ಷ ಮುಂದಕ್ಕೆ ಹೋಗಬೇಕು ಅಂತ ಆಗ ಒಂದು ನಿರ್ಣಯ ಬಂದಿತ್ತು. ಅದು ಪಾಸಾಯಿತಾ? ಆಯಿತು ಅಂತ ಐದು ಜನ. ಇಲ್ಲ ಅಂತ ನಾಲ್ಕು ಜನ. ಮೀಟಿಂಗ್ ನಡೆದದ್ದು ಜೂಮ್‌ನಲ್ಲಿ, ಯಾರೂ ಬರೆದಿಟ್ಟಿಲ್ಲ. ನವೆಂಬರ್ ಪೂರ್ತಿ ಇದೇ ಚರ್ಚೆ. ಒಬ್ಬರಂತೂ ಪುಟಗಟ್ಟಲೆ ಇಮೇಲ್ ಬರೆದರು, ಅಡಿಯಲ್ಲಿ ನಿಯಮ ಸಂಖ್ಯೆಗಳ ಸಮೇತ.

ಡಿಸೆಂಬರ್ 13ಕ್ಕೆ ಹ್ಯೂಸ್ಟನ್ ಆಸ್ಟ್ರೋಸ್‌ನವರು ಟಕರ್‌ನನ್ನು ಶಿಕಾಗೋ ಕಬ್ಸ್‌ಗೆ ಟ್ರೇಡ್ ಮಾಡಿಬಿಟ್ಟರು. ಕಬ್ಸ್ ಇರೋದು ನ್ಯಾಷನಲ್ ಲೀಗ್‌ನಲ್ಲಿ. ನಮ್ಮದು ಅಮೆರಿಕನ್ ಲೀಗ್ ಮಾತ್ರ. ಅಲ್ಲಿಗೆ ಒಪ್ಪಂದವೂ ಇಲ್ಲ, ಜಗಳವೂ ಇಲ್ಲ, ಟಕರ್ರೂ ಇಲ್ಲ. ಪುಟಗಟ್ಟಲೆ ಬರೆದವರಿಂದ "ಸರಿ, ಬಿಡಿ" ಅಂತ ಒಂದು ಸಾಲು ಬಂತು.

ಆ ಚಳಿಗಾಲ ನಮ್ಮ ಪಾಲಿಗೆ ಕೆಟ್ಟದ್ದೇ. ಹುವಾನ್ ಸೋಟೊ ಯಾಂಕೀಸ್ ಬಿಟ್ಟು 15 ವರ್ಷಕ್ಕೆ 765 ಮಿಲಿಯನ್ ಡಾಲರ್‌ಗೆ ಮೆಟ್ಸ್ ಸೇರಿದ. ಕಾರ್ಬಿನ್ ಬರ್ನ್ಸ್ ಬಾಲ್ಟಿಮೋರ್‌ನಿಂದ ಅರಿಜೋನಾಗೆ ಹೋದ. ಇಬ್ಬರೂ ನ್ಯಾಷನಲ್ ಲೀಗ್ ಪಾಲು. ಒಂದೇ ಲೀಗ್‌ನ ಆಟಗಾರರ ಮೇಲೆ ಆಡುವ ಫ್ಯಾಂಟಸಿಗೆ ಸೇರುವವರು ನವೆಂಬರ್‌ನಿಂದ ಜನವರಿ ತನಕ ಸಹಿ ಹಾಕುವ ಆತುರ ಮಾಡಬೇಡಿ. ದೊಡ್ಡ ವರ್ಗಾವಣೆಗಳು ಮುಗಿಯಲಿ. ನೀವು ಒಪ್ಪಿಕೊಂಡ ತಂಡವೇ ಬೇರೆ, ಹರಾಜಿನ ದಿನ ಕೈಗೆ ಬರುವ ತಂಡವೇ ಬೇರೆ ಆಗಿರುತ್ತೆ. ಟಕರ್ ಹೋದ ದಿನ ನಮ್ಮನೆಯವರು, "ಇನ್ನೂ ಸಹಿ ಹಾಕಿಲ್ಲ ಅಲ್ವಾ? ಬಿಟ್ಟುಬಿಡು" ಅಂದರು. ಬಿಡಬಹುದಿತ್ತು. ಆದರೆ ವಿಟ್ ಇನ್ನೂ ಇದ್ದ.

ಅಥವಾ ಇದ್ದಾನೆ ಅಂತ ನಾನು ಅಂದುಕೊಂಡಿದ್ದೆ. ಕಮಿಷನರ್ ಇಟ್ಟುಕೊಂಡಿದ್ದ ಶೀಟ್‌ನಲ್ಲಿ ವಿಟ್‌ನ ಸಂಬಳ 10 ಡಾಲರ್ ಅಂತ ಇತ್ತು. 2022ರಲ್ಲಿ 10 ಡಾಲರ್‌ಗೆ ಬಂದವನು. 2022, 2023 ಎರಡು ವರ್ಷ ಆಯಿತು. 2024ರಲ್ಲೂ 10 ಡಾಲರ್ ಅಂದರೆ ಒಪ್ಪಂದ ಬೆಳೆಸಿಲ್ಲ, ಕೊನೆಯ ವರ್ಷ ಆಡಿಸಿದ್ದಾರೆ ಅಂತ ಅರ್ಥ. ಅಂದರೆ ಅವನು ಹರಾಜಿಗೆ ವಾಪಸ್. ನಮ್ಮ ಹರಾಜಿನಲ್ಲಿ ವಿಟ್ 45 ಡಾಲರ್‌ಗೆ ಕಡಿಮೆ ಸಿಗಲ್ಲ.

ಅಣ್ಣನ ಮಗನನ್ನು ಹುಡುಕಿ ಫೋನ್ ಮಾಡಿದೆ. ಪಾಪ, ಒಳ್ಳೇ ಹುಡುಗ. "ಇಲ್ಲ, ನಾನು ಎರಡು ವರ್ಷಕ್ಕೆ ಬೆಳೆಸಿ ಇಮೇಲ್ ಹಾಕಿದ್ದೆ" ಅಂದ. ಹುಡುಕಿ ಕಳಿಸಿದ. 2024ರ ಮಾರ್ಚ್‌ನ ಗಡುವಿಗೆ ಮುಂಚೆಯೇ ಹೋಗಿತ್ತು. ಅದರಲ್ಲಿ ಎರಡೇ ಸಾಲು: ವಿಟ್, 20 ಡಾಲರ್, 2026ರ ತನಕ. ಲೆಕ್ಕ ಸರಿಯಾಗಿದೆ, ಹತ್ತರ ಮೇಲೆ ಐದು, ಐದು. ಹಾಗಾದರೆ ಶೀಟ್‌ನಲ್ಲಿ ಯಾಕೆ ಬಂದಿಲ್ಲ? ಕಮಿಷನರ್ ಹೇಳಿದ್ದು ಕೇಳಿ: "ಆ ಇಮೇಲ್ ಬಂದಿತ್ತು. ಆದರೆ ಆ ಹುಡುಗ ಮಾಲೀಕ ಅಂತ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಅವನ ಚಿಕ್ಕಪ್ಪ ಬರೆದರೆ ಹಾಕೋಣ ಅಂತ ಇಟ್ಟಿದ್ದೆ. ಅವರು ಬರೆಯಲೇ ಇಲ್ಲ."

ಈಗ ಪ್ರಶ್ನೆ ಇಷ್ಟು. 2024ರ ಮಾರ್ಚ್‌ನಲ್ಲಿ ಈ ತಂಡದ ಮಾಲೀಕ ಯಾರು? ಹುಡುಗ ಮಾಲೀಕನಾದರೆ ವಿಟ್ ನನ್ನವನು, ಇನ್ನೂ ಎರಡು ವರ್ಷ. ಅಲ್ಲದಿದ್ದರೆ ಅವನು ಎಲ್ಲರವನು. ಉಳಿದ ಹನ್ನೊಂದು ಜನರಿಗೂ ಅವನು ಹರಾಜಿಗೆ ಬರಲಿ ಅನ್ನೋ ಆಸೆ ಇತ್ತು. ಮತ ಹಾಕಬೇಕಾದವರೂ ಅವರೇ.

ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಲೆಕ್ಕದ ಶೀಟ್ ನೋಡುತ್ತಿದ್ದೆ, ಬಾಕಿ ಎಷ್ಟು ಅಂತ ತಿಳಿಯೋಕೆ. ಅಲ್ಲಿ ಸಿಕ್ಕಿತು. ಖಜಾಂಚಿ ವಾರ್ಷಿಕ ಫೀಸು ಬಂದದ್ದನ್ನು ಸಾಲು ಸಾಲಾಗಿ ಬರೆದಿದ್ದರು. 2022, ವೆನ್ಮೋ (ದುಡ್ಡು ಕಳಿಸುವ ಆ್ಯಪ್), ಹುಡುಗನ ಹೆಸರು. 2023, ವೆನ್ಮೋ, ಹುಡುಗನ ಹೆಸರು. 2024, ಅದೇ. ಮೂರು ವರ್ಷ ಲೀಗ್ ಅವನ ದುಡ್ಡು ತಗೊಂಡಿದೆ. 2022ರಲ್ಲಿ ಮೂರನೇ ಸ್ಥಾನದ ಬಹುಮಾನವನ್ನೂ ಅವನಿಗೇ ಕಳಿಸಿದೆ. ನಮ್ಮೂರಲ್ಲಿ ಕಂದಾಯ ಕಟ್ಟಿದ ಮಾತ್ರಕ್ಕೆ ಜಮೀನು ನಿಮ್ಮದಾಗಲ್ಲ. ಆದರೆ ಈ ಲೀಗ್‌ನ ನಿಯಮಾವಳಿಯಲ್ಲಿ ಮಾಲೀಕ ಅಂದರೆ "ಆ ವರ್ಷದ ಫೀಸು ಕಟ್ಟಿ ತಂಡ ನಡೆಸುವವನು" ಅಂತ ಬರೆದಿತ್ತು. ಎಷ್ಟೋ ವರ್ಷದಿಂದ ಯಾರೂ ಆ ಪುಟ ತಿರುಗಿಸಿ ನೋಡಿರಲಿಲ್ಲ ಅಂತ ಕಾಣುತ್ತೆ.

ಹಾಗಾಗಿ ನಿಮಗೆ ನನ್ನ ಸಲಹೆ, ಆಟಗಾರರ ಪಟ್ಟಿ ತೆರೆಯುವ ಮುಂಚೆ ಖಜಾಂಚಿಯ ಶೀಟ್ ಕೇಳಿ. ಫೀಸು ಯಾರು ಕಟ್ಟಿದರು, ಬಹುಮಾನ ಯಾರಿಗೆ ಹೋಯಿತು ಅನ್ನೋದು ಯಾವ ನೋಟ್‌ಬುಕ್ಕಿಗಿಂತ ಗಟ್ಟಿ ದಾಖಲೆ. ಮುಂದಿನ ಹರಾಜಿನ ದುಡ್ಡನ್ನು ಹಿಂದಿನವರು ಟ್ರೇಡ್‌ನಲ್ಲಿ ಕೊಟ್ಟುಬಿಟ್ಟಿದ್ದಾರಾ ಅಂತಲೂ ಕೇಳಿ. ಎಷ್ಟೋ ಲೀಗ್‌ಗಳಲ್ಲಿ ಮುಂದಿನ ವರ್ಷದ ಡಾಲರ್, ಎಳೆಯ ಆಟಗಾರರನ್ನು ಆರಿಸುವ ಸರದಿ, ಎಲ್ಲವನ್ನೂ ಟ್ರೇಡ್ ಮಾಡಬಹುದು. ಈ ಹುಡುಗ 2025ರ 8 ಡಾಲರ್‌ನ್ನು ಮೇ ತಿಂಗಳಲ್ಲೇ ಇನ್ನೊಂದು ತಂಡಕ್ಕೆ ಕೊಟ್ಟು ಒಬ್ಬ ಪಿಚರ್‌ನನ್ನು ತಗೊಂಡಿದ್ದ. ಆ ಪಿಚರ್ ಜೂನ್‌ನಲ್ಲಿ ಭುಜ ಹಿಡಿದುಕೊಂಡು ಮನೆಗೆ ಹೋದ.

ಜನವರಿಯ ಮಾಲೀಕರ ಮೀಟಿಂಗ್. ನನ್ನನ್ನು ಮೊದಲ ಅರ್ಧ ಗಂಟೆ ಮಾತ್ರ ಒಳಗೆ ಬಿಟ್ಟರು. ಶೀಟ್ ತೋರಿಸಿ, ನಿಯಮದ ಪುಟ ತೋರಿಸಿ, ಇಮೇಲ್ ತೋರಿಸಿದೆ. ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ವಿಟ್ 2024ರಲ್ಲೇ 20 ಡಾಲರ್ ಆಗಿದ್ದರೆ, ಆ ವರ್ಷದ ಹರಾಜಿನಲ್ಲಿ ನಿಮ್ಮ ತಂಡ 10 ಡಾಲರ್ ಜಾಸ್ತಿ ಖರ್ಚು ಮಾಡಿದ ಹಾಗಾಯ್ತಲ್ವಾ? ಹೌದು, ಆಯ್ತು. ಅದಕ್ಕೆ ಉತ್ತರ ನನ್ನ ಹತ್ತಿರ ಸಿದ್ಧವಾಗಿತ್ತು. ಆ 10 ಡಾಲರ್‌ನ್ನು 2025ರ ಹರಾಜಿನಲ್ಲಿ ಕಡಿದುಕೊಳ್ಳಿ. ಆಮೇಲೆ ನನ್ನನ್ನು ಹೊರಗೆ ಕಳಿಸಿದರು. ಜೂಮ್‌ನ ವೇಟಿಂಗ್ ರೂಮ್‌ನಲ್ಲಿ ನನ್ನ ಹೆಸರನ್ನೇ ನೋಡುತ್ತಾ ಕೂತೆ. ಒಂದು ಫ್ಯಾಂಟಸಿ ತಂಡಕ್ಕೆ ಹೊಟ್ಟೆಯಲ್ಲಿ ಇಷ್ಟು ಸಂಕಟ ಆಗಬಹುದು ಅಂತ ಗೊತ್ತಿರಲಿಲ್ಲ. ಕುಕ್ಕರ್ ಕೂಗಿದ್ದೂ ಕೇಳಿಸಲಿಲ್ಲ, ಬೇಳೆ ತಳ ಹಿಡಿಯಿತು. ಕೊನೆಗೆ ಬೇಕಿದ್ದ ಎಂಟು ಮತ ಬಂತು. ಸರಿಯಾಗಿ ಎಂಟೇ.

ಅಲ್ಲಿಗೆ ಮುಗಿಯಬೇಕಿತ್ತು. ಅರಿಜೋನಾದ ಪಾಲುದಾರರು ಮಾತ್ರ ಉತ್ತರವೇ ಕೊಟ್ಟಿರಲಿಲ್ಲ. ಅವರು ಅರ್ಧ ಪಾಲು ಬಿಟ್ಟುಕೊಟ್ಟಿದ್ದಾರೆ ಅಂತ ಎಲ್ಲೂ ಬರೆದಿಲ್ಲ. ಫೀಸಿನ ನಿಯಮದ ಪ್ರಕಾರ ಅವರು ಮಾಲೀಕರಲ್ಲ, ಆದರೆ ಕಮಿಷನರ್‌ಗೆ ಕಾಗದ ಬೇಕೇ ಬೇಕು. ಇಮೇಲ್‌ಗೆ ಉತ್ತರವಿಲ್ಲ. ಮೆಸೇಜ್‌ಗೆ ಉತ್ತರವಿಲ್ಲ. ಕೊನೆಗೆ ಫೆಬ್ರವರಿಯಲ್ಲಿ, ಪಿಚರ್‌ಗಳು ಸ್ಪ್ರಿಂಗ್ ಟ್ರೇನಿಂಗ್‌ಗೆ ಬಂದ ಸುದ್ದಿ ಓದುತ್ತಿದ್ದಾಗ, ಅವರೇ ಫೋನ್ ಮಾಡಿದರು. ಅಲ್ಲೇ ಅವರ ಮನೆಯ ಹತ್ತಿರವೇ ತಂಡಗಳು ಅಭ್ಯಾಸ ಮಾಡೋದು, ಅದನ್ನು ನೋಡಿ ನೆನಪಾಯಿತಂತೆ. "ಪತ್ರ ಕೊಡ್ತೀನಿ. ಆದರೆ 2013ರ ಕಪ್ ನಂದು. ಆ ಕಪ್ ನಿಮ್ಮ ಹೆಸರಲ್ಲಿ ತೋರಿಸಬಾರದು."

ಇದೊಂದು ನಿಜವಾದ ಪ್ರಶ್ನೆ. ಕಪ್ ಯಾರದ್ದು, ತಂಡದ್ದಾ, ಮಾಲೀಕನದ್ದಾ? ನಿಜವಾದ ಬೇಸ್‌ಬಾಲ್‌ನಲ್ಲಿ ತಂಡದ ಜೊತೆಗೇ ಹೋಗುತ್ತೆ. ಅಥ್ಲೆಟಿಕ್ಸ್ ತಂಡ ಫಿಲಡೆಲ್ಫಿಯಾದಲ್ಲಿ ಐದು ವರ್ಲ್ಡ್ ಸೀರೀಸ್ ಗೆದ್ದಿತ್ತು. 1955ರಲ್ಲಿ ಕ್ಯಾನ್ಸಸ್ ಸಿಟಿಗೆ, 1968ರಲ್ಲಿ ಓಕ್‌ಲ್ಯಾಂಡ್‌ಗೆ ಹೋಯಿತು, ಅಲ್ಲಿ ಇನ್ನೂ ನಾಲ್ಕು ಗೆದ್ದಿತು. 2025ರಲ್ಲಿ ಸ್ಯಾಕ್ರಮೆಂಟೋ ಕಡೆಗೆ ಹೋಯಿತು. ಒಂಬತ್ತೂ ಅದರ ಲೆಕ್ಕಕ್ಕೇ. ನಮ್ಮ ಐಪಿಎಲ್‌ನಲ್ಲಿ ನೋಡಿ, 2009ರಲ್ಲಿ ಗೆದ್ದದ್ದು ಡೆಕ್ಕನ್ ಚಾರ್ಜರ್ಸ್. 2012ರಲ್ಲಿ ಆ ಫ್ರಾಂಚೈಸಿಯನ್ನೇ ರದ್ದು ಮಾಡಿದರು. 2013ರಲ್ಲಿ ಅದೇ ಊರಿಗೆ ಸನ್‌ರೈಸರ್ಸ್ ಬಂತು. ಊರು ಅದೇ ಆದರೂ 2009ರ ಕಪ್ ಸನ್‌ರೈಸರ್ಸ್‌ದಲ್ಲ. ಅಂದರೆ ತಂಡ ಕೈ ಬದಲಾಯಿತಾ ಅಥವಾ ಮುಚ್ಚಿ ಹೊಸದು ತೆರೆದರಾ ಅನ್ನೋದು ಮುಖ್ಯ. ನಮ್ಮದು ಕೈ ಬದಲಾದದ್ದು. ಹಾಗಾಗಿ ಕಪ್ ತಂಡದ್ದೇ. ಆದರೆ ಗೆದ್ದ ರಾತ್ರಿ ತಲೆ ಮೇಲೆ ಯೂ-ಹೂ ಚಾಕಲೇಟ್ ಡ್ರಿಂಕ್ ಸುರಿಸಿಕೊಂಡವರು ಅವರು. ಓಕ್ರೆಂಟ್ ಕಾಲದಿಂದ ಬಂದ ಪದ್ಧತಿ ಅದು. ನಾನು ಸುರಿಸಿಕೊಂಡಿಲ್ಲ. ಕೊನೆಗೆ ಲೀಗ್‌ನ ಪುಟದಲ್ಲಿ ಎರಡು ಕಾಲಂ ಮಾಡಿದೆವು, ತಂಡ ಒಂದು, ಆ ವರ್ಷದ ಮಾಲೀಕರು ಇನ್ನೊಂದು. ಲೋಹದ ಕಪ್ ಅರಿಜೋನಾದಲ್ಲೇ ಇರಲಿ ಅಂದೆ. ಮೂರೇ ದಿನಕ್ಕೆ ಪತ್ರ ಬಂತು, ನೋಟರಿ ಮುದ್ರೆ ಸಮೇತ. ಯಾರೂ ಕೇಳಿರಲಿಲ್ಲ.

ಖರ್ಚಿನ ವಿಷಯ. ವಾರ್ಷಿಕ ಫೀಸು 260 ಡಾಲರ್, ಕಾಗದದ ಬಜೆಟ್ ಎಷ್ಟೋ ಅಷ್ಟೇ ಇರಲಿ ಅಂತ ಹಿಂದಿನವರ ತಮಾಷೆ. ಹುಡುಗನ ಕಾಲದ ದಂಡ ಮತ್ತು ಟ್ರೇಡ್ ಫೀಸು 70 ಡಾಲರ್ ಬಾಕಿ ಇತ್ತು. ಅರ್ಧ ಅವನು, ಅರ್ಧ ನಾನು ಅಂತ ಮಾತಾಯಿತು. ಇಂಥ ಬಾಕಿಯನ್ನು ಹೊಸಬರ ತಲೆಗೆ ಕಟ್ಟೋಕೆ ನೋಡುತ್ತಾರೆ, ಮತಕ್ಕೆ ಮುಂಚೆಯೇ ಮಾತಾಡಿ. ವೆಬ್‌ಸೈಟ್ ಖರ್ಚಿನ ಪಾಲು, ಹರಾಜಿಗೆ ಹಿಡಿದ ಡೈನರ್‌ನ ಹಿಂದಿನ ಕೋಣೆಯ ಪಾಲು ಬೇರೆ. ಹೊಸ ಮಾಲೀಕರು ಎಲ್ಲರಿಗೂ ಡೋನಟ್ ತರಬೇಕು ಅನ್ನೋದು ಬರೆಯದ ನಿಯಮ. ದುಡ್ಡಿನ ಬಹುಮಾನ ಇರುವ ಕಡೆ ಕಾನೂನಿನ ಕಡೆಗೂ ಸ್ವಲ್ಪ ಗಮನ ಇರಲಿ. 2006ರ ಅಮೆರಿಕದ ಕೇಂದ್ರ ಕಾನೂನು ಆನ್‌ಲೈನ್ ಜೂಜಿನ ಹಣ ಪಾವತಿಯನ್ನು ತಡೆದಾಗ ಫ್ಯಾಂಟಸಿ ಆಟಗಳನ್ನು ಕೆಲವು ಷರತ್ತಿನ ಮೇಲೆ ಹೊರಗಿಟ್ಟಿತು. ಬಹುಮಾನ ಮೊದಲೇ ನಿಗದಿಯಾಗಿರಬೇಕು ಅನ್ನೋದು ಅದರಲ್ಲೊಂದು. ಇದರ ಮೇಲೆ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ.

ಮಾರ್ಚ್ 22, ಶನಿವಾರ ಹರಾಜು. ಎಲ್ಲರ ಕೈಯಲ್ಲೂ 260, ಹುಡುಗ ಕೊಟ್ಟಿದ್ದ 8, ವಿಟ್‌ನ 10 ಕಳೆದು ನನ್ನ ಲೆಕ್ಕ 242ರಿಂದ ಶುರು. ಅದರಲ್ಲಿ ಉಳಿಸಿಕೊಂಡವರ ಸಂಬಳ ಕಳೆದು ಉಳಿದದ್ದಷ್ಟೇ ಕೂಗೋಕೆ. ವಿಟ್ 20ಕ್ಕೆ, ಪಿಚರ್ ಕೋಲ್ ರೇಗನ್ಸ್ 10ಕ್ಕೆ ಉಳಿದರು. ರೆಡ್ ಸಾಕ್ಸ್ ಸೇರಿದ್ದ ಪಿಚರ್ ಗ್ಯಾರೆಟ್ ಕ್ರೋಷೆಗೆ ಆಸೆಪಟ್ಟು ಕೂಗಿದೆ. 27 ತನಕ ಹೋದೆ. ಮೇಜಿನ ಆ ತುದಿಯಿಂದ 28 ಬಂತು. ಆ 18 ಡಾಲರ್ ಇದ್ದಿದ್ದರೆ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಟಕರ್‌ಗೆ ಬದಲಾಗಿ ಹ್ಯೂಸ್ಟನ್‌ಗೆ ಬಂದ ಐಸಾಕ್ ಪರೇಡೆಸ್‌ನನ್ನು ಕೊಂಡೆ. ಟಕರ್ ಮೇಲೆ ಪುಟಗಟ್ಟಲೆ ಬರೆದವರು ನನ್ನ ಕಡೆ ನೋಡಿ ಗ್ಲಾಸ್ ಎತ್ತಿದರು.

ಈಗ ಶೀಟ್‌ನಲ್ಲಿ ಪ್ರತಿ ಒಪ್ಪಂದದ ಪಕ್ಕ ಎರಡು ಹೊಸ ಕಾಲಂ ಇವೆ: ಯಾರು ಹೇಳಿದರು, ಯಾವ ದಿನ. ಸೇರಿಸಿದ್ದು ನಾನೇ, ಕಮಿಷನರ್ ಒಪ್ಪಿದರು. ಯಾರಿಗಾದರೂ ಲಾಗಿನ್ ಕೊಟ್ಟರೆ ಅದೇ ವಾರ ಲೀಗ್‌ಗೆ ತಿಳಿಸಬೇಕು ಅಂತ ನಿಯಮವೂ ಬಂತು.

ಒಂದು ವಿಷಯ ಮಾತ್ರ ಬಾಕಿ. ಹಳೇ ದಾಖಲೆ ಸರಿಮಾಡುವಾಗ ಮೊದಲ ಮಾಲೀಕರನ್ನೂ ಹೋಗಿ ಕಂಡಿದ್ದೆ. 1994ರ ಹಾಳೆ ತೋರಿಸಿದೆ. ಆ ವರ್ಷ ಆಗಸ್ಟ್ 12ಕ್ಕೆ ಆಟಗಾರರು ಮುಷ್ಕರ ಹೂಡಿದರು. ಸೀಸನ್ ಅಲ್ಲೇ ನಿಂತು, ವರ್ಲ್ಡ್ ಸೀರೀಸೇ ರದ್ದಾಯಿತು. ಅವರ ತಂಡದಲ್ಲಿ 40 ಹೋಮ್ ರನ್ ಹೊಡೆದಿದ್ದ ಕೆನ್ ಗ್ರಿಫಿ ಜೂನಿಯರ್ ಇದ್ದ, ಅವರು ಅರ್ಧ ಅಂಕದಿಂದ ಮುಂದಿದ್ದರು. ಲೀಗ್ ಅರ್ಧ ಬಹುಮಾನ ಕೊಟ್ಟು, ತಂಡದ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ನಕ್ಷತ್ರ ಹಾಕಿತು, ಇದು ಪೂರ್ತಿ ಗೆಲುವಲ್ಲ ಅನ್ನುವ ಗುರುತು. ಆ ನಕ್ಷತ್ರ ತೆಗೆಯಬೇಕು ಅಂತ ಅವರು ಈಗ ಅರ್ಜಿ ಬರೆದುಕೊಟ್ಟಿದ್ದಾರೆ. ಅವರಿಗೆ ಮತ ಇಲ್ಲ, ಹಾಗಾಗಿ ಮಂಡಿಸಬೇಕಾದವಳು ಈಗಿನ ಮಾಲೀಕಳಾದ ನಾನು. ನವೆಂಬರ್ ಮೀಟಿಂಗ್‌ನ ಪಟ್ಟಿಗೆ ಸೇರಿಸಿ ಅಂತ ಕಮಿಷನರ್‌ಗೆ ಬರೆದಿದ್ದೇನೆ. ಉಳಿದ ಅರ್ಧ ಬಹುಮಾನವನ್ನೂ ಕೇಳುತ್ತೀರಾ ಅಂತ ಅವರು ವಾಪಸ್ ಕೇಳಿದ್ದಾರೆ.